ಮೊದಲು ಕೈ, ಆಮೇಲೆ ಕಾಗದ

ಚಾಣಕ್ಯಪುರಿ

ದೆಹಲಿ ಪರದೇಶವಲ್ಲ ಎಂದು ನೀವು ಹೇಳಬಹುದು. ಎರಡು ಹಗಲು ರೈಲಿನಲ್ಲಿ ಕೂತು, ಜನವರಿ ಕೊನೆಯ ಚಳಿಯಲ್ಲಿ ಒಂದೇ ಒಂದು ತೆಳು ಸ್ವೆಟರ್ ಹಾಕಿಕೊಂಡು ನಿಜಾಮುದ್ದೀನ್ ನಿಲ್ದಾಣದಲ್ಲಿ ಇಳಿದು ನೋಡಿ, ಆಮೇಲೆ ಮಾತಾಡೋಣ. ನಾನು ಅಲ್ಲಿಯವರೆಗೆ ಹುಬ್ಬಳ್ಳಿಯಿಂದ ಆಚೆಗೆ ಹೋದವಳೇ ಅಲ್ಲ. ಉಸಿರು ಬಿಟ್ಟರೆ ಬಾಯಿಂದ ಹೊಗೆ ಬಂತು. ಗಾಬರಿಯಾಗಿ ಬಾಯಿ ಮುಚ್ಚಿಕೊಂಡೆ. ಪಕ್ಕದಲ್ಲಿ ಟ್ರಂಕಿನ ಮೇಲೆ ಕೂತಿದ್ದ ಕೂಲಿಯವನು ಬಿದ್ದು ಬಿದ್ದು ನಕ್ಕ.

ನಾನು ಸರ್ಕಾರಿ ಆಸ್ಪತ್ರೆಯ ನರ್ಸು, ಹೆಸರು ರತ್ನಾ. ಹತ್ತೊಂಬತ್ತು ವರ್ಷದಿಂದ ಬಾಣಂತಿಯರ ವಾರ್ಡಿನಲ್ಲೇ ಇದ್ದೇನೆ. ಯಾವ ಊರು ಎಂದು ಹೇಳುವುದಿಲ್ಲ, ದಾವಣಗೆರೆ ಸೀಮೆ ಎಂದಿಟ್ಟುಕೊಳ್ಳಿ. ಯಾಕೆ ಹೇಳುವುದಿಲ್ಲ ಎಂಬುದು ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ಒಂದು ಪಾಳಿಯ ನರ್ಸುಗಳು ಹೊರಟು ಇನ್ನೊಂದು ಪಾಳಿಯವರು ಬರುವ ಹೊತ್ತಿನಲ್ಲಿ ಬಾಣಂತಿಯರ ಮೇಲಿನ ನಿಗಾ ತಪ್ಪುತ್ತದೆ, ಇದು ಎಲ್ಲ ಆಸ್ಪತ್ರೆಗಳ ರೋಗ. ದೆಹಲಿಯ ರೋಹಿಣಿಯಲ್ಲಿ ಒಂದು ಹೆರಿಗೆ ಆಸ್ಪತ್ರೆಯವರು ಅದಕ್ಕೊಂದು ದಾರಿ ಕಂಡುಕೊಂಡಿದ್ದಾರಂತೆ, ಒಬ್ಬರು ಹೋಗಿ ಎರಡು ವಾರ ಇದ್ದು ಕಲಿತು ಬರಬೇಕು ಎಂದು ಮೇಲಿನಿಂದ ಆದೇಶ ಬಂತು. ನಮ್ಮ ಡಾಕ್ಟರ್ ಸಾಹೇಬರು ಹಿಂದೆಮುಂದೆ ನೋಡದೆ ನನ್ನ ಹೆಸರು ಬರೆದರು. "ರತ್ನಾ ಸಿಸ್ಟರ್ ಚಾರ್ಟ್ ನೋಡ್ರೀ, ಒಂದು ಖಾನೆ ಖಾಲಿ ಇರಲ್ಲ, ಒಂದು ಚಿತ್ತು ಇರಲ್ಲ" ಎಂದು ಎಲ್ಲರೆದುರು ಹೇಳಿದರು. ಅವತ್ತು ನಾನು ಮನೆಗೆ ನಡೆದು ಹೋದೆನೋ ಹಾರಿ ಹೋದೆನೋ ಗೊತ್ತಿಲ್ಲ.

ಮೊದಲ ದಿನ ಚಾಣಕ್ಯಪುರಿಯ ನಮ್ಮ ರಾಜ್ಯದ ಅತಿಥಿಗೃಹದಲ್ಲಿ ಉಳಿದೆ. ಹೊರಗೆ ರಾಯಭಾರ ಕಚೇರಿಗಳ ಬಾವುಟ, ಒಳಗೆ ಉಪ್ಪಿಟ್ಟಿನ ವಾಸನೆ. ತಿಂಡಿಯ ಮೇಜಿನಲ್ಲಿ ಎದುರಿಗೆ ಕೂತ ಅಧಿಕಾರಿಯೊಬ್ಬರು ಯಾವ ಇಲಾಖೆ ಎಂದು ಕೇಳಿದರು. ಹೇಳಿದೆ.

"ಬಾಣಂತಿಯರನ್ನ ನೋಡ್ಕೊಳೋದು ಕಲಿಯೋಕೆ ದೆಹಲಿವರೆಗೂ ಬರಬೇಕೇನಮ್ಮ? ಇಲ್ಲೇನು ಬೇರೆ ಥರ ಹೆರ್ತಾರಾ?"

"ಹೆರೋದು ಒಂದೇ ಥರ ಸಾರ್, ಹೆತ್ತ ಮೇಲೆ ನೋಡ್ಕೊಳೋದು ಬೇರೆ ಅಂತೆ" ಎಂದೆ. ಅವರು ಇನ್ನಷ್ಟು ಚಟ್ನಿ ಹಾಕಿಸಿಕೊಂಡು ಕಾರು ಹತ್ತಿ ಹೋದರು. ನಿಜ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲೂ ಅವರದೇ ಪ್ರಶ್ನೆ ಇತ್ತು. ನನಗೆ ಕಲಿಸುವುದೇನಿದೆ ಎಂಬ ಜಂಭ ಚೆನ್ನಾಗಿಯೇ ಇತ್ತು.

ರೋಹಿಣಿ

ರೋಹಿಣಿಯಲ್ಲಿ ವಿಳಾಸ ಎಂದರೆ ಬರೀ ಅಂಕಿಗಳು. ನಮ್ಮಲ್ಲಾದರೆ ಆಲದಮರದ ಪಕ್ಕ, ಹಿಟ್ಟಿನ ಗಿರಣಿಯ ಎದುರು ಎನ್ನುತ್ತೇವೆ. ಇಲ್ಲಿ ಸೆಕ್ಟರ್ ಎಷ್ಟು, ಅದರೊಳಗೆ ಪಾಕೆಟ್ ಎಷ್ಟು ಎಂದು ಹೇಳಬೇಕು. ನಾನು ಸೆಕ್ಟರ್ ಹೇಳಿದೆ, ಪಾಕೆಟ್ ಮರೆತೆ. ಆಟೋದ ಭಯ್ಯಾ ಮೂರು ಸಲ ಅದೇ ಮಾರುಕಟ್ಟೆ ಸುತ್ತಿಸಿ, ಕೊನೆಗೆ ತಾನೇ ಇಳಿದು ನಾಲ್ಕು ಜನರನ್ನು ಕೇಳಿ, ನನ್ನ ಟ್ರಂಕನ್ನು ನರ್ಸುಗಳ ಹಾಸ್ಟೆಲಿನ ಎರಡನೇ ಮಹಡಿಯವರೆಗೆ ಹೊತ್ತು ತಂದುಕೊಟ್ಟ. ದೆಹಲಿಯವರು ಒರಟರು ಎಂದು ಊರಿನಲ್ಲಿ ಹೆದರಿಸಿದ್ದರು. ಮಾತು ಒರಟು, ಅದು ನಿಜ. "ಅರೇ ಮೇಡಂ, ಪಾಕೆಟ್ ನಂಬರ್ ಭೀ ಕೋಯಿ ಭೂಲತಾ ಹೈ?", ಪಾಕೆಟ್ ನಂಬರನ್ನೂ ಯಾರಾದರೂ ಮರೆಯುತ್ತಾರಾ, ಎಂದು ಗದರಿಸುತ್ತಲೇ ಟ್ರಂಕು ಹೊತ್ತ ಅವನನ್ನು ಒರಟ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಸ್ಟೆಲಿನ ಮಾಳಿಗೆಯ ಮೇಲೆ ಹನ್ನೊಂದರ ಬಿಸಿಲಿಗೆ ಪಾಳಿ ಇಲ್ಲದ ನರ್ಸುಗಳೆಲ್ಲ ಚಾಪೆ ಹಾಸಿ ಕೂರುತ್ತಿದ್ದರು. ರಾಶಿ ರಾಶಿ ಹಸಿ ಬಟಾಣಿ ಸುಲಿಯುವುದು, ಉಲ್ಲನ್ ಹೆಣೆಯುವುದು, ಜೊತೆಗೆ ಮಾತು. ನಾವು ಬಿಸಿಲು ಕಂಡರೆ ನೆರಳಿಗೆ ಓಡುವವರು. ಇವರು ಬಿಸಿಲು ಸರಿದಂತೆ ಚಾಪೆಯನ್ನೂ ಸರಿಸಿಕೊಂಡು ಹೋಗುತ್ತಾರೆ. ನನ್ನ ತೆಳು ಸ್ವೆಟರ್ ನೋಡಿ ಯಾರೂ ಏನೂ ಕೇಳಲಿಲ್ಲ. ಸಂಜೆಯ ಹೊತ್ತಿಗೆ ನನ್ನ ಮಂಚದ ಮೇಲೆ ಎರಡು ಶಾಲು, ಒಂದು ಜೊತೆ ಕಾಲುಚೀಲ ಇದ್ದವು. ಯಾರು ಇಟ್ಟರೆಂದು ಇಂದಿಗೂ ತಿಳಿದಿಲ್ಲ.

ವಾರ್ಡು

ವಾರ್ಡಿನ ಮುಖ್ಯಸ್ಥೆ ಲೀಲಾಮ್ಮ ಸಿಸ್ಟರ್. ಕೇರಳದವರು, ನರ್ಸಿಂಗ್ ಓದಿದ್ದು ಬೆಂಗಳೂರಿನಲ್ಲಿ, ಕೆಲಸ ಮಾಡಿದ್ದೆಲ್ಲ ದೆಹಲಿಯಲ್ಲಿ. ಕುಳ್ಳಗಿನ ಹೆಂಗಸು, ದನಿ ಇನ್ನೂ ಸಣ್ಣದು. ನನ್ನ ಜೊತೆ ಕನ್ನಡದಲ್ಲೇ ಮಾತಾಡಿದರು. ಮರೆತ ಕಡೆಯೆಲ್ಲ ಹಿಂದಿ ತುಂಬುತ್ತಿದ್ದರು.

ನಮ್ಮಲ್ಲಿ ಪಾಳಿ ಒಪ್ಪಿಸುವುದು ಹೇಗೆಂದರೆ, ಮೇಜಿನ ಸುತ್ತ ನಿಂತು ಚಾರ್ಟು ತಿರುವಿ, "ಒಂದರಿಂದ ಹತ್ತು ಚೆನ್ನಾಗಿದ್ದಾರೆ, ಹನ್ನೊಂದಕ್ಕೆ ಜ್ವರ" ಎಂದು ಹೇಳಿ, ಬಸ್ಸಿಗೆ ಓಡುವುದು. ಇಲ್ಲಿ ಮೇಜಿನ ಹತ್ತಿರ ಯಾರೂ ನಿಲ್ಲುವುದಿಲ್ಲ. ಹೋಗುವವಳು, ಬರುವವಳು ಇಬ್ಬರೂ ಮಂಚದಿಂದ ಮಂಚಕ್ಕೆ ನಡೆಯಬೇಕು. ಬಾಣಂತಿಯ ಹೊಟ್ಟೆಯ ಮೇಲೆ ಮೊದಲು ಹೋಗುವವಳು ಕೈ ಇಡಬೇಕು, ಆಮೇಲೆ ಬರುವವಳು. ಹೆತ್ತ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಂಡಿರಬೇಕು; ಮೆತ್ತಗಾದರೆ ರಕ್ತ ನಿಲ್ಲುವುದಿಲ್ಲ. ಪ್ಯಾಡು ಇಬ್ಬರೂ ನೋಡಬೇಕು. ಬೆನ್ನ ಕೆಳಗೆ ಕೈ ತೂರಿಸಿ ಒದ್ದೆ ಇದೆಯೇ ನೋಡಬೇಕು. ಇದೆಲ್ಲ ಮುಗಿಯುವವರೆಗೆ ಚಾರ್ಟು ಮಂಚದ ಕಾಲಿನ ಕಡೆ ಮುಚ್ಚಿಯೇ ಇರಬೇಕು. ಯಾರಾದರೂ ಮೊದಲೇ ತೆರೆದರೆ ಲೀಲಾಮ್ಮ ಸಿಸ್ಟರ್ ಆ ಸಣ್ಣ ದನಿಯಲ್ಲಿ, "ಪಹಲೇ ಹಾಥ್, ಫಿರ್ ಕಾಗಜ್" ಎನ್ನುವರು. ಮೊದಲು ಕೈ, ಆಮೇಲೆ ಕಾಗದ.

ಕೊನೆಗೆ ಬಾಣಂತಿಯನ್ನೇ ಕೇಳಬೇಕು, ನಾವು ಏನಾದರೂ ಬಿಟ್ಟೆವಾ ಎಂದು. ಇದಕ್ಕೆ ಉತ್ತರ ಕೊಡುವವರು ಸಾಮಾನ್ಯವಾಗಿ ಅತ್ತೆಯರು. ಹರಿಯಾಣದ ಕಡೆಯ ಒಬ್ಬ ಅತ್ತೆ ಸೊಸೆಯ ಮುಸುಕನ್ನು ಸರಿಮಾಡುತ್ತ, ಬೆಳಗಿನ ಚಹಾ ನೀರಾಗಿತ್ತು, ಪಕ್ಕದ ಮಂಚದ ಮಗು ಬಹಳ ಅಳುತ್ತದೆ, ಕಿಟಕಿಯಿಂದ ಗಾಳಿ ಬರುತ್ತದೆ ಎಂದು ಉದ್ದಕ್ಕೂ ಹೇಳಿದಳು. ಎಲ್ಲ ಕೇಳಿಸಿಕೊಂಡು ಲೀಲಾಮ್ಮ ಕಿಟಕಿ ಹಾಕಿಸಿದರು. ನಾವು ಮುಂದಿನ ಮಂಚಕ್ಕೆ ಹೊರಡುವಾಗ ಆ ಅತ್ತೆ ಸೆರಗಿನ ಮರೆಯಿಂದ ಡಬ್ಬಿ ತೆಗೆದು ನನ್ನ ಕೈಗೊಂದು ಉಂಡೆ ಇಟ್ಟಳು. ಕಚ್ಚಿ ನೋಡಿದರೆ ನಮ್ಮ ಅಂಟಿನುಂಡೆ. ತುಪ್ಪ ಜಾಸ್ತಿ, ಕೊಬ್ಬರಿ ಕಮ್ಮಿ, ಅಷ್ಟೇ. ಬಾಣಂತಿಯ ಸೊಂಟ ಗಟ್ಟಿಯಾಗಲೆಂದು ಎರಡು ಸಾವಿರ ಕಿಲೋಮೀಟರ್ ಆಚೆಯೂ ಅದೇ ಅಂಟು ಹುರಿಯುತ್ತಾರೆ ಎಂದು ತಿಳಿದು ನನಗೆ ಯಾಕೋ ಕಣ್ಣು ತುಂಬಿತು.

ಮೂವತ್ತು ಮಂಚ ಹೀಗೆ ಸುತ್ತಲು ಮುಕ್ಕಾಲು ಗಂಟೆ ಬೇಕು. ಪಾಳಿ ಮುಗಿದವರಿಗೆ ಮನೆಗೆ ಹೋಗುವುದು ತಡವಾಗುವುದಿಲ್ಲವೇ ಎಂದು ಕೇಳಿದೆ.

"ಆಗ್ತದೆ ಸಿಸ್ಟರ್. ಮೊದಲು ಎಲ್ಲರೂ ಜಗಳ ಮಾಡಿದರು. ನಾನು ಏನೂ ಹೇಳಲಿಲ್ಲ. ದಿನಾ ನಾನೇ ಜೊತೆಗೆ ನಡೆದೆ. ಆರು ತಿಂಗಳು ನಡೆದೆ. ಆಮೇಲೆ ಜಗಳ ಮಾಡೋಕೆ ಅವರಿಗೇ ಬೇಜಾರಾಯ್ತು" ಎಂದರು.

ಅಷ್ಟು ವರ್ಷದ ಸರ್ವಿಸಿನಲ್ಲಿ ನಾನು ಒಬ್ಬ ಮೇಲಧಿಕಾರಿಯನ್ನು ಮನಸಾರೆ ಮೆಚ್ಚಿದ್ದು ಅದೇ ಮೊದಲು.

ಐದನೆಯ ದಿನ

ನಾಲ್ಕು ದಿನ ನೋಡಿದ ಮೇಲೆ ನನ್ನನ್ನೂ ಕೆಲಸಕ್ಕೆ ಹಚ್ಚಿದರು. ಐದನೆಯ ದಿನ ಮಧ್ಯಾಹ್ನ ಒಂದು ಗಂಟೆಗೆ ಹದಿನಾಲ್ಕನೇ ಮಂಚಕ್ಕೆ ಸ್ಮಿತಾ ಬಂದಳು. ದಾವಣಗೆರೆಯ ಹುಡುಗಿ, ಗುರ್ಗಾಂವಿನ ಯಾವುದೋ ಆಫೀಸಿನಲ್ಲಿ ಕೆಲಸ, ಗಂಡ ಇಲ್ಲೇ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಒಂದು ಗಂಟೆ ಮೊದಲು ಹೆಣ್ಣುಮಗು ಆಗಿತ್ತು. ಅವಳ ತಾಯಿ ಇನ್ನೂ ರೈಲಿನಲ್ಲಿದ್ದರು. ಮಗು ಲೆಕ್ಕಕ್ಕಿಂತ ಹತ್ತು ದಿನ ಮುಂಚೆ ಬಂದಿತ್ತು. ನನ್ನ ಮಾತು ಕೇಳಿದ್ದೇ ಅವಳ ಮುಖ ಅರಳಿತು.

"ಸಿಸ್ಟರ್, ನೀವು ನಮ್ಮೂರ ಕಡೆಯವರಾ? ಬೆಳಿಗ್ಗೆಯಿಂದ ಹಿಂದಿಯಲ್ಲೇ ಕಿರುಚಿ ಕಿರುಚಿ ಸಾಕಾಯ್ತು."

ಹೆರಿಗೆಯಾದ ಮೊದಲ ಎರಡು ಗಂಟೆ ಕಾಲು ಗಂಟೆಗೊಮ್ಮೆ ನೋಡಬೇಕು. ಲೀಲಾಮ್ಮ ಅವಳನ್ನು ನನಗೇ ಒಪ್ಪಿಸಿದರು. ಒಂದೂಕಾಲಿಗೆ ನೋಡಿದೆ, ಒಂದೂವರೆಗೆ ನೋಡಿದೆ. ಗರ್ಭಕೋಶ ಗಟ್ಟಿ ಇತ್ತು, ನಾಡಿ ಎಂಬತ್ತನಾಲ್ಕು. ಮೂತ್ರ ಮಾಡಿಸಬೇಕಿತ್ತು. ಬೆಡ್‌ಪ್ಯಾನ್ ತಂದರೆ, "ಬೇಡ ಸಿಸ್ಟರ್, ಇಷ್ಟು ಜನರ ಮಧ್ಯೆ ಬರಲ್ಲ, ಆಮೇಲೆ" ಎಂದು ನಾಚಿಕೊಂಡಳು. ಆಗಲಿ ಎಂದೆ.

ಆಮೇಲೆ ನಾನು ಮಾಡಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಒಂದೂವರೆಯ ಸಾಲು ತುಂಬಿಸಿದ ಮೇಲೆ ಅದೇ ಪೆನ್ನಿನಲ್ಲಿ ಒಂದೂಮುಕ್ಕಾಲಿನ ಸಾಲು, ಎರಡು ಗಂಟೆಯ ಸಾಲು ಎರಡನ್ನೂ ತುಂಬಿಸಿಬಿಟ್ಟೆ. ಎರಡಕ್ಕೆ ಪಾಳಿ ಬದಲಾಗುತ್ತದೆ, ಆಗ ಕೈ ಬಿಡುವಿರುವುದಿಲ್ಲ, ಖಾಲಿ ಖಾನೆ ಬಿಟ್ಟರೆ ಮುಂದಿನವರು ಗೊಣಗುತ್ತಾರೆ. ಅದಕ್ಕೆ ನಮ್ಮಲ್ಲಿ ಮುಂದಿನದನ್ನೂ ಬರೆದಿಡುವುದು ರೂಢಿ. ಅದನ್ನು ನಾವು ಜಾಣತನ ಎಂದುಕೊಂಡಿದ್ದೆವು. ನಾಡಿ ಎಂಬತ್ತನಾಲ್ಕಿದ್ದರೆ ಮುಂದಿನದಕ್ಕೆ ಎಂಬತ್ತೆರಡು, ಅದರ ಮುಂದಿನದಕ್ಕೆ ಎಂಬತ್ತಾರು ಎಂದು ಬರೆಯುತ್ತೇವೆ. ಒಂದೇ ಅಂಕಿ ಬರೆದರೆ ಸಾಹೇಬರಿಗೆ ಅನುಮಾನ ಬರುತ್ತದೆ ನೋಡಿ. ನನ್ನ ಚಾರ್ಟಿನಲ್ಲಿ ಹತ್ತೊಂಬತ್ತು ವರ್ಷ ಒಂದು ಖಾನೆಯೂ ಖಾಲಿ ಇರದ ಗುಟ್ಟು ಇಷ್ಟೇ. ಅಂದು ಅದನ್ನು ಮಾಡುವಾಗ ತಪ್ಪು ಮಾಡುತ್ತಿದ್ದೇನೆ ಎಂದು ಅನ್ನಿಸಲೂ ಇಲ್ಲ. ಬರೆದು, ಸ್ಮಿತಾಗೆ ರಜಾಯಿ ಹೊದೆಸಿ, ಇನ್ನೊಂದು ಮಂಚದಲ್ಲಿ ಹಾಲು ಕುಡಿಯದೆ ಹಟ ಮಾಡುತ್ತಿದ್ದ ಮಗುವಿನ ಕಡೆ ಹೋದೆ.

ಪಾಳಿ ಒಪ್ಪಿಸುತ್ತ ನಾವು ಹದಿನಾಲ್ಕನೇ ಮಂಚಕ್ಕೆ ಬಂದಾಗ ಎರಡಕ್ಕೆ ಐದು ನಿಮಿಷವಿತ್ತು. ಲೀಲಾಮ್ಮ, ಮಧ್ಯಾಹ್ನದ ಪಾಳಿಯ ಸುನೀತಾ ಎಂಬ ಎಳೆಯ ನರ್ಸು, ನಾನು. ಸ್ಮಿತಾ ಕುತ್ತಿಗೆಯವರೆಗೆ ರಜಾಯಿ ಹೊದ್ದು ಕಣ್ಣು ಮುಚ್ಚಿದ್ದಳು.

"ಚಳಿ ಸಿಸ್ಟರ್, ದೆಹಲಿ ಚಳಿ" ಎಂದಳು.

ನಾನು ರಜಾಯಿಯೊಳಗೆ ಕೈ ಹಾಕಿದೆ. ಹೊಟ್ಟೆ ನಾದಿದ ಹಿಟ್ಟಿನಂತೆ ಮೆತ್ತಗಿತ್ತು. ನನ್ನ ಕೈ ಅಲ್ಲೇ ನಿಂತಿತು. ಸುನೀತಾ ನನ್ನ ಮುಖ ನೋಡಿ ತನ್ನ ಕೈಯನ್ನು ಬೆನ್ನ ಕೆಳಗೆ ತೂರಿಸಿ ಹೊರತೆಗೆದಳು; ಮಣಿಕಟ್ಟಿನವರೆಗೆ ಕೆಂಪಾಗಿತ್ತು. ರಜಾಯಿ ಎತ್ತಿದರೆ ಕೆಳಗಿನ ಬಟ್ಟೆ ಪೂರಾ ನೆನೆದಿತ್ತು.

ಅಲ್ಲಿಂದ ಮುಂದಿನ ಅರ್ಧ ಗಂಟೆಯಲ್ಲಿ ಯಾರೂ ಕೂಗಾಡಲಿಲ್ಲ, ಯಾರೂ ಓಡಾಡಿ ಡಿಕ್ಕಿ ಹೊಡೆಯಲಿಲ್ಲ. ಲೀಲಾಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ ತಿಕ್ಕತೊಡಗಿದರು. ಸುನೀತಾ ಡ್ರಿಪ್ ಹಾಕಿ ಔಷಧಿ ಬಿಟ್ಟಳು. ಇನ್ನೊಬ್ಬಳು ಡಾಕ್ಟರನ್ನು ಕರೆದಳು, ಮತ್ತೊಬ್ಬಳು ಗಡಿಯಾರ ನೋಡಿ ಪ್ರತಿಯೊಂದನ್ನೂ ಜೋರಾಗಿ ಹೇಳುತ್ತ ಬರೆದುಕೊಂಡಳು. ಯಾರ ಕೆಲಸ ಯಾರದೆಂದು ಅವರಿಗೆ ಮೊದಲೇ ಗೊತ್ತಿತ್ತು. ನಾನು ನಳಿಕೆ ಹಾಕಿ ಮೂತ್ರ ತೆಗೆದೆ. ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಮುದುಡಲು ಬಿಟ್ಟಿರಲಿಲ್ಲ. ಸ್ಮಿತಾಳ ತುಟಿ ಬಿಳಿಚಿಕೊಂಡಿತ್ತು. "ಸಿಸ್ಟರ್, ಪಾಪು?" ಎಂದು ಒಂದೇ ಮಾತು ಮತ್ತೆ ಮತ್ತೆ ಕೇಳುತ್ತಿದ್ದಳು. ಎರಡೂವರೆಗೆ ರಕ್ತ ನಿಂತಿತು. ಎರಡು ಬಾಟಲಿ ರಕ್ತ ಕೊಟ್ಟರು. ಸಂಜೆಯ ಹೊತ್ತಿಗೆ ಮಗುವಿಗೆ ಹಾಲು ಕುಡಿಸಿದಳು.

ಇನ್ನು ಕಾಲು ಗಂಟೆ ಹೋಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರ್ ಹೇಳಿದರು. ನಮ್ಮೂರಿನ ಹಾಗೆ ಮೇಜಿನ ಬಳಿ ಚಾರ್ಟು ಓದಿ ಪಾಳಿ ಒಪ್ಪಿಸಿದ್ದರೆ ಆ ಕಾಲು ಗಂಟೆ ಖಂಡಿತ ಹೋಗುತ್ತಿತ್ತು.

ಎಲ್ಲ ತಣ್ಣಗಾದ ಮೇಲೆ ಲೀಲಾಮ್ಮ ಚಾರ್ಟು ತೆರೆದರು. ಬಹಳ ಹೊತ್ತು ನೋಡಿದರು.

"ಸಿಸ್ಟರ್, ನಾವು ಬಂದಾಗ ಎರಡು ಗಂಟೆ ಆಗಿರಲಿಲ್ಲ ಅಲ್ವಾ?"

ಗಡಿಯಾರ ತಪ್ಪಾಗಿ ನೋಡಿದೆ ಎನ್ನಬಹುದಿತ್ತು. ಅವರು ನಂಬುತ್ತಲೂ ಇದ್ದರೇನೋ. ನಾನು ತಲೆ ತಗ್ಗಿಸಿ, ಮುಂಚೆಯೇ ಬರೆದೆ ಎಂದೆ. ಬೈಯುತ್ತಾರೆ, ನಾಳೆಯೇ ರೈಲು ಹತ್ತಿಸುತ್ತಾರೆ, ಊರಿಗೆ ಪತ್ರ ಹೋಗುತ್ತದೆ ಎಂದು ಕಾದೆ.

"ಅಚ್ಛಾ. ಇದನ್ನು ರಿಪೋರ್ಟಿನಲ್ಲಿ ನಾನು ಬರೀತೇನೆ. ನಾಳೆ ಅವಳಿಗೆ ನೀವು ಹೇಳಬೇಕು" ಎಂದರು.

"ಯಾರಿಗೆ?"

"ಹದಿನಾಲ್ಕಕ್ಕೆ. ಇಲ್ಲಿ ಅದೇ ಪದ್ಧತಿ. ಯಾರು ತಪ್ಪು ಮಾಡಿದರೋ ಅವರೇ ಹೋಗಿ, ನಿಂತು ಅಲ್ಲ, ಸ್ಟೂಲ್ ಹಾಕಿ ಕೂತು ಹೇಳಬೇಕು. ನಾನು ಪಕ್ಕದಲ್ಲಿ ಇರ್ತೇನೆ. ಮಾತಾಡಲ್ಲ."

ಆರನೆಯ ದಿನ

ಬೆಳಿಗ್ಗೆ ಹಾಸ್ಟೆಲಿನಿಂದ ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ಅಂದು ನಾನು ಆಸ್ಪತ್ರೆ ದಾಟಿ ಮೆಟ್ರೋ ನಿಲ್ದಾಣದವರೆಗೆ ನಡೆದುಹೋಗಿದ್ದೆ. ಮಂಜಿನಲ್ಲಿ ದಾರಿ ತಪ್ಪಿತೆಂದು ಸುನೀತಾಗೆ ಹೇಳಿದೆ. ಮಂಜೇನೋ ಇತ್ತು, ಆದರೆ ದಾರಿ ಚೆನ್ನಾಗಿಯೇ ಕಾಣುತ್ತಿತ್ತು.

ವಾರ್ಡಿಗೆ ಹೋದರೆ ಸ್ಮಿತಾಳ ತಾಯಿ ಬಂದಿದ್ದರು. ನಿಲ್ದಾಣದಿಂದ ನೇರ ಬಂದವರು, ಕಾಲ ಬಳಿ ಇನ್ನೂ ಚೀಲಗಳಿದ್ದವು. ನನ್ನನ್ನು ಕಂಡಿದ್ದೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು.

"ನೀವೇ ಏನಮ್ಮ ರತ್ನಾ ಸಿಸ್ಟರ್? ಅಳಿಯ ಎಲ್ಲಾ ಹೇಳಿದ್ರು. ನಮ್ಮ ಕಡೆಯ ಸಿಸ್ಟರ್ ಇದ್ದಿದ್ದಕ್ಕೆ ನನ್ನ ಮಗಳು ಉಳಿದಳು. ನೀವು ದೇವರ ಹಾಗೆ ಬಂದ್ರಿ."

ಆ ಕೈಗಳು ಬೆಚ್ಚಗಿದ್ದವು. ಬಿಡಿಸಿಕೊಳ್ಳಲು ಮನಸ್ಸು ಬರಲಿಲ್ಲ. ಅವರು ಮಗಳ ಕಡೆ ತಿರುಗಿ, "ಇವಳದೇ ತಪ್ಪು ಸಿಸ್ಟರ್. ಬೆಡ್‌ಪ್ಯಾನ್ ಬೇಡ ಅಂದಳಂತೆ. ಮೈಯೆಲ್ಲಾ ಒದ್ದೆಯಾದ್ರೂ ಬಾಯಿ ಬಿಟ್ಟಿಲ್ಲ. ಚಿಕ್ಕಂದಿನಿಂದ ಹಿಂಗೇ, ಹಟ. ಆ ಕೂಸನ್ನ ತಬ್ಬಲಿ ಮಾಡ್ತಿದ್ದೆಯಲ್ಲೇ ಅಂತ ಬಂದಾಗಿಂದ ಬೈತಿದ್ದೀನಿ" ಎಂದರು. ಸ್ಮಿತಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು.

ಲೀಲಾಮ್ಮ ಸ್ಟೂಲು ತಂದು ಮಂಚದ ಪಕ್ಕ ಇಟ್ಟು ಹಿಂದೆ ಸರಿದರು. ನಾನು ಕೂತೆ. ಸಾಲು ಸಾಲು ಮಂಚಗಳ ನಡುವೆ, ಕನ್ನಡ ತಿಳಿಯುವವರು ಅಲ್ಲಿ ನಾವು ನಾಲ್ಕೇ ಜನ. ಆದರೂ ಇಡೀ ವಾರ್ಡು ಕೇಳಿಸಿಕೊಳ್ಳುತ್ತಿದೆ ಎನ್ನಿಸಿತು.

"ಸ್ಮಿತಾ, ನಿನ್ನೆ ಒಂದೂಮುಕ್ಕಾಲಿಗೆ ನಾನು ನಿನ್ನನ್ನ ನೋಡಬೇಕಿತ್ತು. ನೋಡಲಿಲ್ಲ. ನೋಡಿದೆ ಅಂತ ಮೊದಲೇ ಬರೆದಿಟ್ಟು ಹೋದೆ. ಎರಡು ಗಂಟೆದೂ ಬರೆದಿಟ್ಟಿದ್ದೆ. ಒಂದೂಮುಕ್ಕಾಲಿಗೇ ಕೈ ಇಟ್ಟಿದ್ದರೆ ಅಷ್ಟು ರಕ್ತ ಹೋಗ್ತಿರಲಿಲ್ಲ. ಬೆಡ್‌ಪ್ಯಾನ್ ಬೇಡ ಅಂದಾಗ ನಿನ್ನ ಒಪ್ಪಿಸೋದು ನನ್ನ ಕೆಲಸ, ಇಲ್ಲಾ ಬೇರೆ ದಾರಿ ನೋಡೋದು ನನ್ನ ಕೆಲಸ. ಅದನ್ನೂ ಮಾಡಲಿಲ್ಲ. ತಪ್ಪು ನಂದು."

ಕ್ಷಮಿಸು ಎಂದೆ.

ಸ್ಮಿತಾ ಮೆಲ್ಲಗೆ ಈ ಕಡೆ ತಿರುಗಿದಳು. "ಒದ್ದೆ ಅನ್ನಿಸ್ತಿತ್ತು ಸಿಸ್ಟರ್. ಕರೀಬೇಕು ಅಂದ್ಕೊಂಡೆ. ಆದರೆ ನೀವು ಆಗ ತಾನೇ ಅಷ್ಟೆಲ್ಲಾ ಬರ್ಕೊಂಡು ಹೋದ್ರಲ್ಲ. ಎಲ್ಲಾ ಸರಿ ಇದೆ ಅಂತಾನೇ ಬರ್ದಿರ್ತಾರೆ, ಸುಮ್ನೆ ಯಾಕೆ ಕರೆಯೋದು ಅಂತ ಸುಮ್ಮನಾದೆ."

ಬೈಗುಳಕ್ಕೆ ನಾನು ತಯಾರಾಗಿ ಹೋಗಿದ್ದೆ. ಇದಕ್ಕೆ ತಯಾರಿರಲಿಲ್ಲ. ಆ ಹುಡುಗಿ ನನ್ನ ಸುಳ್ಳನ್ನು ಓದಿಯೂ ಇರಲಿಲ್ಲ, ನಾನು ಬರೆಯುವುದನ್ನು ದೂರದಿಂದ ಕಂಡೇ ನಂಬಿ ರಕ್ತದಲ್ಲಿ ಮಲಗಿದ್ದಳು.

ತಾಯಿ ನನ್ನ ಕೈ ಯಾವಾಗಲೋ ಬಿಟ್ಟಿದ್ದರು. ನನ್ನ ಕಡೆ ನೋಡಲಿಲ್ಲ. ಮಂಚದ ಮೇಲೆ ಕೂತು ಮಗಳ ಕೂದಲನ್ನು ಹಿಂದಕ್ಕೆ ಸರಿಸಿದರು.

"ಬೆಳಿಗ್ಗೆಯಿಂದ ನಿನ್ನ ಬೈದೆನಲ್ಲೇ, ನನ್ನ ಕಂದಾ" ಎಂದರು. "ರೈಲಿಳಿದು ಬಂದವಳು ನಿನ್ನ ಮುಖಾನೂ ಸರಿಯಾಗಿ ನೋಡದೆ ಬೈದೆನಲ್ಲೇ." ಮಗಳು ಅವರ ಮಡಿಲಲ್ಲಿ ತಲೆಯಿಟ್ಟು ಜೋರಾಗಿ ಅತ್ತಳು. ಲೀಲಾಮ್ಮ ನನ್ನ ಹೆಗಲು ಮುಟ್ಟಿ ಹೊರಗೆ ಕರೆದುಕೊಂಡು ಬಂದರು. ಮಾತಾಡಲ್ಲ ಎಂದಿದ್ದರು, ಮಾತಾಡಲಿಲ್ಲ.

ಉಳಿದ ಎಂಟು ದಿನ ಅವರ ಜೊತೆ ಮಂಚದಿಂದ ಮಂಚಕ್ಕೆ ನಡೆದೆ. ಅಂಥ ವಾರ್ಡನ್ನು, ಅಂಥ ಹೆಂಗಸರನ್ನು ನೋಡಲು ಸಿಕ್ಕಿದ್ದು ನನ್ನ ಪುಣ್ಯ. ಈಗ ನಮ್ಮಲ್ಲೂ ಚಾರ್ಟು ಮುಚ್ಚಿಟ್ಟು ಕೈಯಿಂದ ಪಾಳಿ ಒಪ್ಪಿಸುತ್ತೇವೆ. ಜಗಳ ನಡೆದೇ ಇದೆ, ನಾನೂ ದಿನಾ ನಡೆಯುತ್ತಿದ್ದೇನೆ. ಆದರೆ ನಮ್ಮ ವಾರ್ಡಿನಿಂದ ಆ ಹತ್ತೊಂಬತ್ತು ವರ್ಷ ಮನೆಗೆ ಹೋದ ಬಾಣಂತಿಯರಲ್ಲಿ ಎಷ್ಟು ಜನ ನನ್ನ ತಪ್ಪಿಗೆ ತಮ್ಮ ತಾಯಂದಿರಿಂದ, ಅತ್ತೆಯರಿಂದ ಬೈಸಿಕೊಂಡರೋ, ತಾವೇ ತಪ್ಪಿತಸ್ಥರೆಂದು ನಂಬಿದರೋ ನನಗೆ ಗೊತ್ತಿಲ್ಲ. ಒಂದು ದಿನ ಹಳೆಯ ಚಾರ್ಟುಗಳ ಗಂಟು ಬಿಚ್ಚಿ ಕೂತು ಹುಡುಕಿದೆ. ಏನೂ ಸಿಗಲಿಲ್ಲ. ನನ್ನ ಅಕ್ಷರದಲ್ಲಿ ಎಲ್ಲರೂ ಚೆನ್ನಾಗಿಯೇ ಇದ್ದಾರೆ.